ಕಡೇ ಸಾಲಿನಲ್ಲಿ ನಿಂತವರು

ದೆವ್ವ, ಪವಾಡ, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎನ್ನುವ ಮಾತುಗಳಿಗೆಲ್ಲ ನಾನು ನಗುತ್ತಿದ್ದವನು. ದರ್ಗಾದ ದಾರ ಕಟ್ಟಿಸಿಕೊಂಡು ಬಂದ ತಾಯಿಯ ಹತ್ತಿರವೇ ವಾದ ಮಾಡಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಗುಬ್ಬಿಯ ಮುಸಲ್ಮಾನರ ಮನೆಯವನು. ಐವತ್ತರ ದಶಕದ ಕೊನೆಯಲ್ಲಿ ಕುಣಿಗಲ್ಲಿಗೆ ಶಾಲಾ ಮೇಷ್ಟರಾಗಿ ಹೋದೆ. ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಬುಡೇನ್ ಸಾಬ್ ಎಂಬ ಮುದುಕರು ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಎತ್ತನ್ನು ಕೆಡವಿ, ಕಾಲು ಬಿಗಿದು, ಒಂದೊಂದು ಮೊಳೆ ಹೊಡೆಯುವ ಮುಂಚೆಯೂ ಬಿಸ್ಮಿಲ್ಲಾ ಹೇಳುತ್ತಿದ್ದರು. ಮೊಳೆ ಒಂದು ಕೂದಲಷ್ಟು ಒಳಗೆ ಹೋದರೂ ಎತ್ತು ಕುಂಟುತ್ತದೆ. "ಮೂಕ್ ಪ್ರಾಣಿ ಮೇಷ್ಟ್ರೇ, ನೋವಾದ್ರೆ ಯಾರ್ಗೆ ಹೇಳ್ಕೊಳ್ತದೆ? ಅಲ್ಲಾ ನೋಡ್ತಾವ್ನೆ ಅಂತ ಹೆದರ್ಕೊಂಡೇ ಹೊಡೀತೀನಿ" ಎನ್ನುತ್ತಿದ್ದರು. ಅವರ ಕೈಯಲ್ಲಿ ಕುಂಟಾದ ಎತ್ತನ್ನು ನಾನು ಕಂಡಿಲ್ಲ.

ಮಸೀದಿಗೆ ಮಾತ್ರ ಅವರು ಹೋಗುತ್ತಿರಲಿಲ್ಲ. ಹಿಂದೆ ಒಂದು ಶುಕ್ರವಾರ ಕೆಲಸದ ನಡುವೆ ಓಡಿ ಹೋಗಿ ನಿಂತಾಗ, ಬಟ್ಟೆಯಲ್ಲಿ ಸಗಣಿ ವಾಸನೆ ಎಂದು ಮುತವಲ್ಲಿ ಸಾಲಿನಿಂದ ಹೊರಗೆ ಕಳಿಸಿದ್ದರಂತೆ. ಮುತವಲ್ಲಿ ಎಂದರೆ ಮಸೀದಿಯ ಆಡಳಿತ ನೋಡುವವರು. ಈ ಮುತವಲ್ಲಿ ಐದು ಹೊತ್ತು ನಮಾಜ್ ತಪ್ಪಿಸದ ಮನುಷ್ಯ, ನೆಲಕ್ಕೆ ಹಚ್ಚಿ ಹಚ್ಚಿ ಹಣೆಯ ಮೇಲೆ ಕಪ್ಪು ಗುರುತು ಬಿದ್ದಿತ್ತು. ಯಾರ ಗಡ್ಡ ಎಷ್ಟುದ್ದ, ಯಾರ ಪಾಯಿಜಾಮ ಕಾಲಿನ ಗಿಣ್ಣು ದಾಟಿದೆ ಎಂದು ನೋಡುವುದೇ ಅವರಿಗೊಂದು ಕೆಲಸ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬುಡೇನ್ ಸಾಬ್ ತೀರಿಕೊಂಡರು. ಅವರಿಗಿದ್ದವಳು ವಿಧವೆ ಮಗಳು ಮಹಬೂಬಿ ಒಬ್ಬಳೇ. ಶವ ಹೊರುವ ಮಂಚ ಮಸೀದಿಯಲ್ಲಿರುತ್ತದೆ. ಅದನ್ನು ಕೇಳಲು ಮುತವಲ್ಲಿ ಮನೆಗೆ ಹೋದೆ. ಅವರು ತುಮಕೂರಿಗೆ ಹೊರಟು ನಿಂತಿದ್ದರು, ಶಿರಾ ಗೇಟ್ ಹತ್ತಿರದ ತಂಗಿ ಮನೆಯಲ್ಲಿ ಮಗುವಿಗೆ ಹೆಸರಿಡುವ ಸಮಾರಂಭ.

"ಮಸೀದಿಗೆ ಬರ್ದೇ ಇದ್ದೋನಿಗೆ ಮಸೀದಿ ಮಂಚ ಯಾಕ್ರೀ? ಅವನಿಗೆ ಯಾರೂ ನಮಾಜ್ ಓದಕೂಡದು. ಇಮಾಮರಿಗೂ ಹೇಳಿದೀನಿ" ಎಂದವರೇ ಬಸ್ಸು ಹತ್ತಿ ಹೋದರು.

ಮಹಬೂಬಿ ನನ್ನ ಕಾಲು ಹಿಡಿಯಲು ಬಂದಳು. "ನಮ್ಮಪ್ಪನ್ನ ನಮಾಜಿಲ್ದೆ ಮಣ್ಣಿಗೆ ಹಾಕ್ಬೇಡಿ ಅಣ್ಣಾ. ಅದೊಂದು ಮಾಡ್ಕೊಡಿ." ನನ್ನ ಮೈ ಉರಿದು ಹೋಯಿತು. ಕೊಡದಿದ್ದರೆ ಕತ್ತೆ ಬಾಲ, ನಮ್ಮ ಮನೆಯ ಮಂಚವೇ ಆಯಿತು ಎಂದು ಹೊರಗೆ ತಂದೆ. ಮನೆಮನೆಗೆ ಹೋಗಿ ಕರೆದೆ. ಜನ ಬಾಗಿಲು ಹಾಕಿಕೊಂಡರು. ಕೊನೆಗೆ ಆದದ್ದು ಏಳು ಜನ. ಶವವನ್ನು ಖಬರಸ್ತಾನಕ್ಕೆ ಹೊತ್ತುಕೊಂಡು ಹೋದೆವು. ಗುಬ್ಬಿಯಿಂದ ಬಂದಿದ್ದ ಮಹಬೂಬಿಯ ಮಾವ ನಮಾಜ್ ನಡೆಸಲು ಮುಂದೆ ನಿಂತರು.

ಎಷ್ಟೇ ಕಡಿಮೆ ಜನ ಇರಲಿ, ಸತ್ತವರ ನಮಾಜಿಗೆ ಮೂರು ಸಾಲು ಮಾಡುವುದು ನಮ್ಮ ರೂಢಿ. ಮೊದಲ ಸಾಲಿಗೆ ಮೂವರು, ಎರಡನೆಯದಕ್ಕೆ ಇಬ್ಬರು, ಕಡೇ ಸಾಲಿಗೆ ನಾನೊಬ್ಬನೇ. ಸಂಜೆಯ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಗಾಡಿ ಹೊಡೆಯುವ ಗೌಡರು ನಾಲ್ಕೈದು ಜನ ಖಬರಸ್ತಾನದ ಬೇಲಿಯಾಚೆ ಕೈಕಟ್ಟಿ ನಿಂತಿದ್ದರು. ಎರಡನೇ ಸಲ ಅಲ್ಲಾಹು ಅಕ್ಬರ್ ಎಂದ ಮೇಲೆ ನನ್ನ ಬಲ ಭುಜಕ್ಕೆ ಇನ್ನೊಂದು ಭುಜ ತಾಗಿತು. ಯಾರೋ ಪುಣ್ಯಾತ್ಮ ಬಂದ ಎಂದುಕೊಂಡೆ. ಕೊನೆಗೆ ಸಲಾಂ ಹೇಳಲು ಬಲಕ್ಕೆ ಮುಖ ತಿರುಗಿಸಿದೆ. ಮುತವಲ್ಲಿ. ಕಣ್ಣೀರು ಗಡ್ಡದ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಅವರು ಗುಣಿಗೆ ಮೂರು ಹಿಡಿ ಮಣ್ಣು ಹಾಕಿದರು. ಯಾರನ್ನೂ ಮಾತಾಡಿಸದೆ ಹೊರಟು ಹೋದರು. ಏಳೂ ಜನ ನೋಡಿದೆವು. ಬೇಲಿಯಾಚೆಯ ಗಾಡಿಯವರೊಬ್ಬರು, "ದೊಡ್ ಸಾಬ್ರು ಮಗೀನಂಗೆ ಅಳ್ತಿದ್ರಲ್ಲ ಮೇಷ್ಟ್ರೇ" ಎಂದರು. ಮಹಬೂಬಿಗೆ ಹೋಗಿ ಹೇಳಿದಾಗ ಅವಳು ಮೊದಲ ಸಲ ಸಮಾಧಾನವಾಗಿ ಕುಳಿತಳು.

ಮಾರನೆಯ ದಿನ, ಹಟ ಬಿಟ್ಟು, ಥ್ಯಾಂಕ್ಸ್ ಹೇಳೋಣವೆಂದು ಅವರ ಮನೆಗೆ ಹೋದೆ. ಆಗ ತಾನೇ ತುಮಕೂರಿನಿಂದ ಬಂದು ಇಳಿದಿದ್ದರು. ನನ್ನ ಮಾತು ಕೇಳಿ ಕೆಂಡವಾದರು. "ನಾನು ಆ ನಮಾಜಿಗೆ ಬರೋದಾ? ತಲೆ ಕೆಟ್ಟಿದೆಯೇನ್ರೀ ನಿಮಗೆ?"

ನಾನೂ ಬಿಡಲಿಲ್ಲ. ಭಾನುವಾರ ಶಿರಾ ಗೇಟಿಗೆ ಹೋಗಿ ಅವರ ತಂಗಿ ಮನೆಯಲ್ಲಿ, ಅಕ್ಕಪಕ್ಕದಲ್ಲಿ, ಎದುರಿನ ಸೈಕಲ್ ಅಂಗಡಿಯಲ್ಲಿ ವಿಚಾರಿಸಿದೆ. ಆ ಸಂಜೆ ಅವರು ಅಲ್ಲೇ ಇದ್ದರು. ಮನೆ ತುಂಬ ಇದ್ದ ನೆಂಟರು ಅವರ ಹಿಂದೆಯೇ ನಿಂತು ನಮಾಜ್ ಓದಿದ್ದರು. ನನಗೆ ಭ್ರಮೆ ಎನ್ನುವಿರಾ? ಅನ್ನಿ. ಏಳು ಜನಕ್ಕೂ, ಆ ಗಾಡಿಯವರಿಗೂ ಒಟ್ಟಿಗೇ ಆಯಿತೇ?

ಆರೇಳು ವರ್ಷದ ಮೇಲೆ ಮುತವಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಹೇಳಿ ಕಳಿಸಿ ನನ್ನನ್ನು ಕರೆಸಿಕೊಂಡರು. ಮನೆಯವರನ್ನೆಲ್ಲ ಹೊರಗೆ ಕಳಿಸಿ, "ಮೇಷ್ಟ್ರೇ, ನಿಜ ಹೇಳಿ. ಆವತ್ತು ನಾನು ಅಳ್ತಿದ್ನಾ?" ಎಂದರು.

"ಅಳ್ತಿದ್ರಿ."

"ಹಂಗಾದ್ರೆ ಅದು ನಾನಲ್ಲ ಬಿಡಿ. ಐವತ್ತು ವರ್ಷ ನಮಾಜ್ ಮಾಡಿದೀನಿ. ಒಂದು ದಿನಾನೂ ಕಣ್ಣಲ್ಲಿ ನೀರು ಬಂದಿಲ್ಲ."

ಅಷ್ಟು ವರ್ಷ ದ್ವೇಷಿಸಿದ್ದ ಮನುಷ್ಯನ ಕೈ ಹಿಡಿದುಕೊಂಡೆ. "ನೀವೇ ಸಾಬ್ರೇ. ನನ್ನ ಪಕ್ಕದಲ್ಲೇ ನಿಂತಿದ್ರಿ" ಎಂದೆ. ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.