ಹುಳುಮನೆಗೆ ತಂದ ಹಾಡು

ನಾನು ನಿಂತಿದ್ದದ್ದು ರೇಷ್ಮೆ ಸಾಕುವ ಹುಳುಮನೆಯ ಹೊಸ್ತಿಲಿನ ಒಳಗೆ. ಹೊರಗಲ್ಲ. ಬೇಸಿಗೆ ರಜೆ, ಮಧ್ಯಾಹ್ನದ ಊಟಕ್ಕೆ ಮುಂಚೆ. ಊರು ಶಿಡ್ಲಘಟ್ಟದ ಹತ್ತಿರದ ಮೇಲೂರು. ಆಗಿನ್ನೂ ನಮ್ಮಂಥ ಮಕ್ಕಳ ಕೈಯಲ್ಲಿದ್ದದ್ದು ಬಟನ್ ಫೋನು. ಒಂದು ಹಾಡು ಬೇಕೆಂದರೆ ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು, ಬ್ಲೂಟೂತಿನಲ್ಲಿ ಅದು ದಾಟುವವರೆಗೆ ಅಲುಗಾಡದೆ ಕೂರಬೇಕಿತ್ತು. ನಿಮಗೂ ನೆನಪಿರಬಹುದು.

ಚಿಕ್ಕಬಳ್ಳಾಪುರದಿಂದ ರಜೆಗೆ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೆ. ಚಿಕ್ಕಮ್ಮ ಚಿಂತಾಮಣಿಯ ಆಚೆಯ ತೆಲುಗು ಮನೆಯವಳು. ಮುದ್ದೆ ತಿರುವುವಾಗ ಒಂದು ತೆಲುಗು ಹಾಡು ಗುನುಗುತ್ತಿದ್ದಳು. ಎರಡೇ ಸಾಲು. ಮಿಕ್ಕಿದ್ದು ತನ್ನ ಅಮ್ಮನ ಜೊತೆಗೇ ಹೋಯಿತು ಎನ್ನುತ್ತಿದ್ದಳು.

ಆ ಸಲದ ರೇಷ್ಮೆ ಬೆಳೆ ಅವಳ ಮಗಳು ಲತಕ್ಕನದು. ಪಿಯುಸಿ ಮುಗಿಸಿ, ಹಟ ಮಾಡಿ ವಹಿಸಿಕೊಂಡಿದ್ದಳು.

"ಇದೊಂದ್ಸಲ ನನ್ ಕೈಗೆ ಬಿಡಪ್ಪ. ಗೂಡಾದ್ಮೇಲೆ ಮಾತಾಡು."

"ಆಗ್ಲಮ್ಮ, ನೋಡಣ. ಕೆಟ್ರೆ ಮಾತ್ರ ಇನ್ನ ಆ ಕಡೆ ತಲೆ ಹಾಕ್ಬಾರ್ದು" ಎಂದಿದ್ದರು ಚಿಕ್ಕಪ್ಪ.

ಹುಳುಮನೆಗೆ ಯಾರು ಹೋದರೂ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಬಾಗಿಲಲ್ಲಿ ಹರಡಿದ ಸುಣ್ಣ ತುಳಿದೇ ಒಳಗೆ ಹೋಗಬೇಕು ಎಂದು ಲತಕ್ಕ ಕಟ್ಟುನಿಟ್ಟು ಮಾಡಿದ್ದಳು.

ಆ ಬೆಳಿಗ್ಗೆ ಗೆಳತಿಯಿಂದ ತಂದ ಹಾಡುಗಳನ್ನು ನನ್ನ ಫೋನಿಗೆ ದಾಟಿಸಿ, "ಮೂರನೇದು ಕೇಳೋ, ಹೆಂಗೈತೆ ಹೇಳು" ಎಂದು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದಳು. ನಾನು ಪಕ್ಕದವರ ದ್ರಾಕ್ಷಿ ತೋಟದ ನೆರಳಿಗೆ ಹೋಗಿ ಕುಳಿತೆ. ಅಲ್ಲಿ ಔಷಧಿ ಹೊಡೆಯುತ್ತಿದ್ದರು. "ಏಯ್, ಆ ಕಡೆ ಹೋಗಪ್ಪ" ಎಂದು ಯಾರೋ ಕೂಗಿದರು. ಮೂರನೆಯ ಹಾಡು ಶುರುವಾಗಿತ್ತು. ಚಿಕ್ಕಮ್ಮನ ಎರಡು ಸಾಲು ಬಂದವು. ಹಾಡು ಅಲ್ಲಿ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ನಾನು ಎದ್ದು ಓಡಿದೆ. ಅಂಗಿಯ ತೋಳು ತೇವವಾಗಿತ್ತು, ಕಟುವಾದ ವಾಸನೆ ಹೊಡೆಯುತ್ತಿತ್ತು.

ಚಿಕ್ಕಮ್ಮ ಹುಳುಮನೆಯಲ್ಲಿದ್ದಳು. "ಯಾಕಪ್ಪಾ ಹಿಂಗೆ ಓಡ್ಬರ್ತಿದೀಯ? ಕಾಲು ತೊಳ್ದ್ಯಾ?"

"ಆಮೇಲೆ ಚಿಕ್ಕಮ್ಮ, ಮೊದ್ಲು ಇದ್ನ ಕೇಳು."

ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಒಂದು ನನ್ನ ಕಿವಿಗೆ. ಹಾಡನ್ನು ನಾನಾಗಲೇ ಕೇಳಿದ್ದೆ. ನನಗೆ ಬೇಕಾಗಿದ್ದದ್ದು ಅದನ್ನು ಕೇಳುವ ಅವಳ ಮುಖ. ಮೂರನೆಯ ಸಾಲು ಬಂದಾಗ ಅವಳ ಕೈ ಸೊಪ್ಪಿನ ಮೇಲೆ ಹಾಗೇ ನಿಂತಿತು. "ಅಯ್ಯೋ ನಾಯನಾ... ಇದೇ ಕಣೋ, ಇದೇ" ಎಂದಳು.

ಹಾಡು ಮುಗಿದ ಮೇಲೆ ಕಣ್ಣೊರೆಸಿಕೊಂಡು ನನ್ನ ಕಿವಿಯದನ್ನು ಕಿತ್ತಳು. "ಈಗ ನನ್ದು ಕೇಳು" ಎಂದು ನನ್ನ ತಲೆಯನ್ನು ಹುಳುವಿನ ತಟ್ಟೆಯ ಮೇಲೆ ಬಗ್ಗಿಸಿದಳು. ಹುಳುಗಳು ಸೊಪ್ಪು ತಿನ್ನುವ ಸದ್ದು. ಒಣಗಿದ ಎಲೆಗಳ ಮೇಲೆ ಸೋನೆ ಬಿದ್ದಂತೆ. ಅಷ್ಟು ಹತ್ತಿರದಿಂದ ನಾನದನ್ನು ಕೇಳಿರಲಿಲ್ಲ. ಆ ಸಾಲಿನ ತಟ್ಟೆಗಳ ಮೇಲೆಲ್ಲ ಒಂದೊಂದಾಗಿ ಬಗ್ಗುತ್ತ, ಕೇಳುತ್ತ ಹೋದೆ. ಅಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತ ಲತಕ್ಕ ಬಾಗಿಲಿಗೆ ಬಂದಳು. ಅವಳ ಅಮ್ಮನ ಕಿವಿಯಲ್ಲಿ ಇಯರ್‌ಫೋನು ಇನ್ನೂ ಇತ್ತು.

"ನನ್ ಹಾಡು ಹಾಕ್ಕೊಂಡು ನೀವಿಬ್ರೂ ಮಜಾ ಮಾಡ್ತಿದೀರಾ?" ಎಂದು ನಕ್ಕಳು. ಆಮೇಲೆ ನನ್ನ ಕಾಲು ನೋಡಿದಳು. ಅಂಗಿ ನೋಡಿದಳು. ನಗು ನಿಂತಿತು.

ಮರುದಿನ ಬೆಳಿಗ್ಗೆ ಆ ಸಾಲಿನಲ್ಲಿ ಸದ್ದೇ ಇರಲಿಲ್ಲ. ಹುಳುಗಳು ತಲೆಯೆತ್ತಿ ಹಸಿರು ನೀರು ಕಕ್ಕುತ್ತಿದ್ದವು. ಸಂಜೆಗೆ ಉಳಿದ ಸಾಲುಗಳಲ್ಲೂ ಶುರುವಾಯಿತು.

"ದ್ರಾಕ್ಷಿ ತೋಟದ ಅಂಚಿನ್ ಸೊಪ್ಪು ಕೊಯ್ಬೇಡ ಅಂತ ಎಷ್ಟ್ ಬಡ್ಕೊಂಡೆ!" ಎಂದು ಚಿಕ್ಕಪ್ಪ ಕೂಗಾಡಿದರು.

"ಇಲ್ಲಪ್ಪ, ನಡುವಿನ ಸಾಲಿಂದೇ ಕೊಯ್ದಿದ್ದು."

"ಹಂಗಾದ್ರೆ ವಿಷ ಆಕಾಶದಿಂದ ಬಂತೇನಮ್ಮ?"

ಲತಕ್ಕ ನನ್ನತ್ತ ಒಮ್ಮೆ ನೋಡಿದಳು. ನನ್ನ ಅಂಗಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಚಿಕ್ಕಮ್ಮ ಗೂಟದಲ್ಲಿದ್ದ ನನ್ನ ಅಂಗಿ ತೆಗೆದು, ತೋಳನ್ನು ಮೂಸಿ, ಸೋಪಿನ ನೀರಿಗೆ ಹಾಕಿದಳು. ಹುಳುಗಳನ್ನೆಲ್ಲ ಗುಂಡಿ ತೋಡಿ ಸುರಿದರು.

ವಿಷ ನನ್ನ ಅಂಗಿಯಿಂದ ಬಂತೋ, ಸೊಪ್ಪಿನಿಂದ ಬಂತೋ, ಪ್ರಮಾಣ ಮಾಡಿ ಹೇಳಲಾರೆ. ಮೊದಲು ಸತ್ತದ್ದು ನಾನು ಬಗ್ಗಿದ್ದ ತಟ್ಟೆಗಳ ಹುಳುಗಳು. ಅಷ್ಟನ್ನು ಕಂಡಿದ್ದೇನೆ.

ಲತಕ್ಕನ ಕೈಗೆ ಮತ್ತೆ ಬೆಳೆ ಸಿಗಲಿಲ್ಲ. ಚಿಕ್ಕಮ್ಮನಿಗೆ ಪೂರ್ತಿ ಹಾಡು ಸಿಕ್ಕಿತ್ತು. ಆಮೇಲೆ ಅವಳು ಮೊದಲಿನ ಎರಡು ಸಾಲನ್ನೂ ಗುನುಗಲಿಲ್ಲ. ಈಗ ಆ ಹುಳುಮನೆಯಲ್ಲಿ ಟೊಮೆಟೊ ಕ್ರೇಟುಗಳಿವೆ. ಹಾಡು ಕಳಿಸಲು ಬೆರಳು ತಾಗಿಸಿದರೆ ಸಾಕು, ಯಾರೂ ಓಡಬೇಕಾಗಿಲ್ಲ. ಕೇಳುವವರ ಮುಖ ಮಾತ್ರ ಕಾಣುವುದಿಲ್ಲ. ನಾನು ಯಾರಿಗೂ ಕಳಿಸುವುದಿಲ್ಲ.

ಲತಕ್ಕ ಕಳಿಸುತ್ತಾಳೆ. "ಕೇಳಿದ್ಯೇನೋ?" ಎಂದು ಕೆಳಗೆ ಬರೆದಿರುತ್ತಾಳೆ. ಕೇಳದೆಯೇ "ಚೆನ್ನಾಗಿದೆ ಅಕ್ಕ" ಎನ್ನುತ್ತೇನೆ. ಚಿಕ್ಕಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಚಿಕ್ಕಪ್ಪ ಕಂಡದ್ದು ಸತ್ತ ಹುಳುಗಳನ್ನು ಮಾತ್ರ. ನಾನು ಹೊಸ್ತಿಲಿನ ಒಳಗೆ ನಿಂತಿದ್ದನ್ನು ಕಂಡವರಲ್ಲಿ ಇನ್ನೂ ಬದುಕಿರುವವಳು ಗೌರಿಬಿದನೂರಿನಲ್ಲಿರುವ ಲತಕ್ಕ ಒಬ್ಬಳೇ.