ಕಿಟಕಿಯಕ್ಕ ಕಿವಿಗೊಟ್ಟು ಒರೆಸುತ್ತಾರೆ

ಬೆಳಗಿನ ಐದೂವರೆ. ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಬಿಸ್ಕತ್ತಿನಗಲದ ಸ್ಫಟಿಕದ ಬಿಲ್ಲೆಯನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಉಜ್ಜುತ್ತಿದ್ದಾರೆ. ಕಿರ್ರ್ ಎಂದು ಸದ್ದು ಬಂದೊಡನೆ ನಿಲ್ಲಿಸಿ, ಮುಂದಿನದನ್ನು ಎತ್ತಿಕೊಳ್ಳುತ್ತಾರೆ. ದಿನಕ್ಕೆ ಆರು, ಇಪ್ಪತ್ತೆರಡು ವರ್ಷದಿಂದ. ಈ ಬಿಲ್ಲೆಗೆ ಇಲ್ಲಿ ಕಿಟಕಿ ಎನ್ನುತ್ತಾರೆ. ಹಾಗಾಗಿ ಇವರು ಎಲ್ಲರ ಬಾಯಲ್ಲೂ ಕಿಟಕಿಯಕ್ಕ.

"ಕೊಳೆ ಇದ್ರೆ ಬಟ್ಟೆ ಸುಮ್ನೆ ಜಾರುತ್ತೆ. ಶುಚಿಯಾದ್ರೆ ಕೂಗುತ್ತೆ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಕಿಟಕಿಯ ಒಂದು ಬದಿಗೆ ಅತಿನೇರಳೆ ದೀಪ. ಇನ್ನೊಂದು ಬದಿಯ ಕೊಳವೆಯಲ್ಲಿ ಎಥಿಲೀನ್, ಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲ. ಮಾಮೂಲಿ ಗಾಜು ಈ ಬೆಳಕನ್ನು ತಡೆದುಬಿಡುತ್ತದೆ, ಸ್ಫಟಿಕ ಒಳಗೆ ಬಿಡುತ್ತದೆ. ಬೆಳಕು ಬಿದ್ದ ಅನಿಲ ಒಡೆದು ಅಸಿಟಿಲೀನ್ ಮತ್ತು ಹೈಡ್ರೋಜನ್ ಆಗುತ್ತದೆ. "ಒಂದಿದ್ದದ್ದು ಎರಡಾಗುತ್ತೆ, ಒಳಗೆ ನೂಕುನುಗ್ಗಲು, ಒತ್ತಡದ ಗೇಜಿನ ಮುಳ್ಳು ಮೇಲೇರುತ್ತೆ." ಅವರ ಈ ವಿವರಣೆಗೆ ವಿಜ್ಞಾನಿಗಳೂ ತಲೆದೂಗುತ್ತಾರಂತೆ. ಆದರೆ ಒಡೆದ ಚೂರುಗಳಲ್ಲಿ ಕೆಲವು ಒಂದಕ್ಕೊಂದು ಅಂಟಿಕೊಂಡು ಕಿಟಕಿಯ ಮೇಲೆ ಕಂದು ಪದರವಾಗಿ ಕೂರುತ್ತವೆ. ಬೆಳಕು ಒಳಹೋಗದೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ.

ಮುಳ್ಳು ನಿಂತಾಗಲೆಲ್ಲ ಕೊಳೆ ಕೂತಿದೆಯೇ ಎಂದು ಕಿಟಕಿಯಕ್ಕ ದೀಪದ ಮುಚ್ಚಳ ಸರಿಸಿ ಇಣುಕುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ. ಕೋಣೆಗಿದ್ದ ಒಂದೇ ಒಂದು ರಕ್ಷಣಾ ಕನ್ನಡಕ ಸಾಹೇಬರ ಮೇಜಿನ ಮೇಲಿರುತ್ತಿತ್ತು.

"ನೋಡುವಾಗ ಏನೂ ನೋವಾಗಲ್ಲ, ಅದೇ ಮೋಸ. ಸಂಜೆ ಮನೆಗೆ ಹೋದ್ಮೇಲೆ ಕಣ್ಣಿಗೆ ಮರಳು ಹಾಕಿ ತಿಕ್ಕಿದ ಹಾಗಾಗೋದು. ಈರುಳ್ಳಿ ಹೆಚ್ಚಿದ್ದಕ್ಕೇ ಇರ್ಬೇಕು ಅಂದ್ಕೊಳ್ತಿದ್ದೆ."

ಬಲಗಣ್ಣು ಹೋಗಿ ಮೂರು ವರ್ಷವಾಯಿತು. ಎಡಗಣ್ಣಿಗೆ ನನ್ನ ಮುಖ ಬರೀ ನೆರಳು. ಗೇಜನ್ನು ಮೂಗು ತಾಗುವಷ್ಟು ಹತ್ತಿರ ಹೋಗಿ ಓದುತ್ತಾರೆ. ಗೊತ್ತಾದರೆ ಕೆಲಸ ಹೋಗುತ್ತದೆಂದು ಇಲ್ಲಿ ಬಾಯಿ ಬಿಟ್ಟಿಲ್ಲ, ಮನೆಯಲ್ಲೂ ಹೇಳಿಲ್ಲ. ಕೇಳಿ ನನಗೆ ಮೈ ಉರಿಯುತ್ತದೆ; ಅವರು ಬಟ್ಟೆ ಮಡಚುತ್ತಾರೆ.

ಹಾಗಾದರೆ ಇದನ್ನು ಬರೆಯುವುದಿಲ್ಲ ಎಂದು ಪೆನ್ನು ಮುಚ್ಚುತ್ತೇನೆ. ಅವರು ತಡೆಯುತ್ತಾರೆ.

"ಬರೀರಿ. ಸೋಮವಾರದಿಂದ ನನ್ನ ಸೊಸೆ ಪಕ್ಕದ ದೀಪಕ್ಕೆ ಬರ್ತಾಳೆ. ನಿನ್ನೆ ಕೆಲಸ ತೋರಿಸೋಕೆ ಕರ್ಕೊಂಡು ಬಂದಿದ್ದೆ. ನಾನು ಬೇಡ ಅನ್ನೋದ್ರೊಳಗೆ ಮುಚ್ಚಳ ಸರಿಸಿ ಇಣುಕಿಬಿಟ್ಲು. ಬೈದೆ. 'ನೀವು ಇಷ್ಟು ವರ್ಷ ನೋಡಿಲ್ವಾ ಅತ್ತೆ, ನಿಮಗೇನಾಯ್ತು?' ಅಂದ್ಲು."

ಆರನೆಯ ಕಿಟಕಿ ಕಿರ್ರೆನ್ನುತ್ತದೆ. ಅದನ್ನು ಅಂಚು ಹಿಡಿದು ತಡಕಾಡಿ ಡಬ್ಬಿಯಲ್ಲಿಡುತ್ತಾರೆ.

"ನನ್ನ ಕೆಲಸ ಹೋದ್ರೆ ಹೋಗ್ಲಿ. ಅವಳಿಗೊಂದು ಕನ್ನಡಕ ಕೊಟ್ರೆ ಸಾಕು. ನನಗೇನಾಯ್ತು ಅಂತ ನೀವೇ ಬರೀರಿ, ನನ್ನ ಬಾಯಲ್ಲಿ ಬರಲಿಲ್ಲ. ಅವಳು ದಿನಾ ಪೇಪರ್ ಓದ್ತಾಳೆ."