ಅಜ್ಜಿಯ ಅಂಗೈಗೆ ಬಿದ್ದ ಕೆಂಪು ಗೀಟು

ಬಣ್ಣದ ಪೆನ್ಸಿಲ್ಲಿನ ಡಬ್ಬಿಯಲ್ಲಿ ‘ಸ್ಕಿನ್’ ಎಂಬ ಹೆಸರಿನ ಒಂದು ಬಣ್ಣವಿರುತ್ತದೆ, ನೀವೂ ನೋಡಿರುತ್ತೀರಿ. ಪೇರಲಹಣ್ಣಿನ ತಿರುಳಿನಂಥ ಆ ನಸುಗೆಂಪು ಚರ್ಮವನ್ನು ನಮ್ಮ ಬೀದರ್ ಜಿಲ್ಲೆಯಲ್ಲಿ ನಾನು ಯಾರ ಮೈಮೇಲೂ ಕಂಡಿಲ್ಲ, ಬ್ಯಾಂಕಿನ ವರ್ಗಾವಣೆ ನನ್ನನ್ನು ತಂದು ಹಾಕಿದ ನಾಸಿಕದಲ್ಲೂ ಕಂಡಿಲ್ಲ. ಆದರೂ ಮಕ್ಕಳು ಅಪ್ಪ, ಅವ್ವ, ಅಂಚೆಯವ, ರೈತ ಎಲ್ಲರಿಗೂ ಅದನ್ನೇ ಬಳಿಯುತ್ತಾರೆ, ಬಳಿದದ್ದಕ್ಕೆ ಸ್ಟಾರ್ ಪಡೆಯುತ್ತಾರೆ. ಎರಡನೆಯ ತರಗತಿಯಲ್ಲಿದ್ದ ನನ್ನ ಮಗಳು ನೀಲಾ ಒಂದು ಸಲ ಆ ಪೆನ್ಸಿಲ್ಲನ್ನು ಬದಿಗಿಟ್ಟು ಕಂದು ಬಣ್ಣವನ್ನು ಕೈಗೆತ್ತಿಕೊಂಡಳು. ಅದರ ಕಥೆಯನ್ನು ಹೇಳುತ್ತೇನೆ. ಸಿಹಿಯಾದದ್ದಲ್ಲ ಎಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ನೀಲಾ ಹುಟ್ಟಿದ್ದು ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಶಾಲೆ ಸೇರಿದ್ದು ನಾಸಿಕದಲ್ಲಿ. ಕನ್ನಡದಲ್ಲಿ ಬೈದರೆ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಆ ವರ್ಷ ಬಸವಕಲ್ಯಾಣದಿಂದ ನಮ್ಮಲ್ಲಿಗೆ ಬಂದ ನನ್ನ ತಾಯಿ ಒಂದೇ ಆಸೆ ಹೊತ್ತು ಬಂದಿದ್ದಳು: ಮೊಮ್ಮಗಳನ್ನು ತನ್ನ ಪಕ್ಕ ಕೂಡಿಸಿಕೊಂಡು ಲಿಂಗಪೂಜೆ ಕಲಿಸಬೇಕು. ನಮ್ಮವರ ಪೂಜೆಗೆ ಕೋಣೆ ಬೇಕಿಲ್ಲ, ಗಂಟೆಯೂ ಕಡ್ಡಾಯವಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡಗೈಯ ಮೇಲಿಟ್ಟುಕೊಂಡು ನೀರೆರೆದು, ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂಡುವುದು, ಅಷ್ಟೇ. ಆದರೆ ಅವ್ವನ ಸ್ನಾನ ಮುಗಿಯುವ ಹೊತ್ತಿಗೆ ನೀಲಾಳ ಶಾಲೆಯ ವ್ಯಾನು ಬಂದು ಹೋಗಿರುತ್ತಿತ್ತು. ಭಾನುವಾರ ಅವಳು ಏಳುವುದೇ ಊಟದ ಹೊತ್ತಿಗೆ. ಹೀಗೆ ಒಂದೇ ಸೂರಿನಡಿ ಇದ್ದೂ ಅಜ್ಜಿಯ ಪೂಜೆಯನ್ನು ಮೊಮ್ಮಗಳು ನೆಟ್ಟಗೆ ನೋಡಿಯೇ ಇರಲಿಲ್ಲ.

ಆಗ ಬಂತು ಕುಂಭಮೇಳ. ದೊಡ್ಡ ಸ್ನಾನದ ದಿನ ಪಂಚವಟಿಯ ಕಡೆಯ ರಸ್ತೆಗಳೆಲ್ಲ ಬಂದ್ ಆಗುವುದರಿಂದ ಶಾಲೆಗೆ ರಜೆ ಕೊಟ್ಟರು. ಆದರೆ ಮಕ್ಕಳು ಒಂದು ದಿನ ಸುಮ್ಮನಿದ್ದುಬಿಟ್ಟಾರೆಂಬ ಭಯಕ್ಕೆ ‘ಮನೆಯೇ ಶಾಲೆ’ ಎಂಬ ತಲೆಬರಹದ ಹಾಳೆಯನ್ನೂ ಕೊಟ್ಟು ಕಳಿಸಿದರು. ಮನೆಯ ಕಿಟಕಿಗಳನ್ನು ಎಣಿಸಿರಿ, ಅಡುಗೆಮನೆಯ ಬೇಳೆಗಳನ್ನು ಗುರುತಿಸಿರಿ, ಕೊನೆಗೆ ನಿಮ್ಮ ಮನೆಯಲ್ಲಿ ದೇವರಿರುವ ಜಾಗವನ್ನು ನೋಡಿ ಚಿತ್ರ ಬಿಡಿಸಿರಿ. ನೋಡಿ ಬಿಡಿಸಿರಿ ಎಂದೇ ಅದರಲ್ಲಿ ಬರೆದಿತ್ತು, ದಯವಿಟ್ಟು ಗಮನಿಸಿ.

ಹೀಗಾಗಿ ಆ ಬೆಳಿಗ್ಗೆ ನೀಲಾ ಅಜ್ಜಿಯೆದುರು ಚಕ್ಕಳಮಕ್ಕಳ ಹಾಕಿ ಕೂತಳು. ಬಿಟ್ಟೂ ಬಿಡದೆ ಬಡಬಡಿಸುವ ಹುಡುಗಿ ಪೂಜೆ ಮುಗಿಯುವವರೆಗೂ ತುಟಿ ಎರಡು ಮಾಡಲಿಲ್ಲ. ಅವ್ವ ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡ ಮೇಲೆಯೇ ನೀಲಾ ಬಾಯಿ ಬಿಟ್ಟಳು.

“ಅಜ್ಜಿ, ಆಪ್‌ಲಾ ದೇವ ಕುಠೇ ರಾಹತೋ?” ನಮ್ಮ ದೇವರು ಎಲ್ಲಿರುತ್ತಾನೆ ಎಂದು ಅವಳ ಪ್ರಶ್ನೆ.

“ಇಲ್ಲೇ ನೋಡವ್ವ, ನನ್ನ ಕೈಯಾಗ ಇದ್ನಲ್ಲ.”

“ಮಗ ಮಂದಿರ್?” ಹಾಗಾದರೆ ಮಂದಿರ ಎಲ್ಲಿ ಎಂದು ಮತ್ತೆ ಕೇಳಿದಳು.

“ಮಂದಿರ ಯಾಕ ಬೇಕು? ಕೈ ಅದಲ್ಲ!”

ನೀಲಾಗೆ ಅದು ಎಷ್ಟು ಹಿಡಿಸಿತೆಂದರೆ ಅಜ್ಜಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಗೆರೆ ಗೆರೆ ನೋಡಿ, ಕಂದು ಬಣ್ಣ ತುಂಬಿ, ನಡುವೆ ಕಪ್ಪಗೆ ಗುಂಡಗೆ ಲಿಂಗವನ್ನಿಟ್ಟು ಚಿತ್ರ ಬಿಡಿಸಿದಳು. ಜೋಳದ ರೊಟ್ಟಿ ತಟ್ಟಿ ತಟ್ಟಿ ದಪ್ಪವಾದ ಬೆರಳುಗಳು ಕೂಡ ಚಿತ್ರದಲ್ಲಿ ದಪ್ಪವಾಗಿಯೇ ಬಂದಿದ್ದವು. ಆಮೇಲೆ, ನಾನು ಕಿವಿಯಾರೆ ಕೇಳಿದೆ, “ನಾಳೆ ನಾ ಬೀ ಕೂಡ್ತೀನಿ” ಎಂದಳು, ನಾನೂ ಪೂಜೆಗೆ ಕೂಡುತ್ತೇನೆ ಎಂದು. ನನ್ನ ಮಗಳು ತಾನಾಗಿ ಆಡಿದ ಮೊದಲ ಕನ್ನಡ ವಾಕ್ಯವದು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಊರಿಗಿ ಹೋದಾಗ ಅಯ್ಯನವರ ಕೈಲೆ ನಿನಗೂ ಲಿಂಗ ಕಟ್ಟಸ್ತೀನಿ ನಮ್ಮವ್ವ” ಎಂದಳು. ಮರುದಿನದಿಂದ ಅಜ್ಜಿ ಬೇಗ ಸ್ನಾನ ಮಾಡಿದಳು, ಮೊಮ್ಮಗಳು ಬೇಗ ಎದ್ದಳು. ವ್ಯಾನಿಗೆ ಮುಂಚಿನ ಆ ಸ್ವಲ್ಪ ಹೊತ್ತು ಇಬ್ಬರೂ ಪಕ್ಕಪಕ್ಕ ಕೂಡತೊಡಗಿದರು. ನಾನು ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ನೆಮ್ಮದಿ ನನಗೆ ಯಾವ ಬಡ್ತಿಯಲ್ಲೂ ಸಿಕ್ಕಿರಲಿಲ್ಲ.

ವಾರ ಕಳೆದು ಹಾಳೆ ತಿರುಗಿ ಬಂತು. ಕಿಟಕಿಗೆ ಸರಿ, ಬೇಳೆಗೆ ಸರಿ. ಅಜ್ಜಿಯ ಅಂಗೈಯ ಮೇಲೆ ಈ ಮೂಲೆಯಿಂದ ಆ ಮೂಲೆಯವರೆಗೆ ಕೆಂಪು ಗೀಟು.

ನಾನು ಶಾಲೆಗೆ ಹೋದೆ. ಟೀಚರಮ್ಮ ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಬರಬಹುದಿತ್ತು. ಕುರ್ಚಿ ಕೊಟ್ಟು ಕೂಡಿಸಿ, “ಸರ್, ಹಾ ತರ್ ಹಾತ್ ಆಹೇ, ದೇವಘರ್ ಕುಠೇ?” ಎಂದು ನಗುತ್ತ ಕೇಳಿದರು. ಇದು ಬರೀ ಕೈ, ದೇವರಮನೆ ಎಲ್ಲಿ? ನಮ್ಮ ಪದ್ಧತಿಯನ್ನು ನಾನು ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು, ಚೆನ್ನಾಗಿದೆ ಎಂದರು. ಆಮೇಲೆ ಹಾಳೆಯ ಜೊತೆಯಲ್ಲೇ ಅಚ್ಚಾಗಿ ಬಂದಿದ್ದ ಉತ್ತರವನ್ನು ತೋರಿಸಿದರು: ಶಿಖರ, ಗಂಟೆ, ದೀಪ, ಒಂದು ಮೂರ್ತಿ. ಎಲ್ಲ ಮಕ್ಕಳೂ ಹಾಗೇ ಬಿಡಿಸಿದ್ದಾರೆ, ಒಬ್ಬಳಿಗೆ ಬೇರೆ ಕೊಟ್ಟರೆ ಉಳಿದವರಿಗೆ ಗೊಂದಲವಾಗುತ್ತದೆ ಎಂದರು. ನಮ್ಮವರು ಮಹಾರಾಷ್ಟ್ರದಲ್ಲಿ ಎಷ್ಟೋ ಮಂದಿ ಇದ್ದಾರಲ್ಲ ಎಂದೆ. ಇರಬಹುದು, ಹಾಳೆ ಅಚ್ಚು ಹಾಕಿದವರಿಗೆ ತಿಳಿದಿರಲಿಕ್ಕಿಲ್ಲ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಸ್ಕೂಟರ್ ತಳ್ಳಿಕೊಂಡು ಗೇಟಿನಾಚೆ ಬಂದಾಗ ನನಗೆ ಬಂದ ಸಿಟ್ಟು ಯಾರ ಮೇಲೆಂದು ನನಗೇ ತಿಳಿಯಲಿಲ್ಲ. ಯೋಚಿಸಿ ನೋಡಿ, ಮನೆಯಲ್ಲಿ ಕಲಿತು ಬನ್ನಿ ಎಂದು ಮಕ್ಕಳನ್ನು ಕಳಿಸುವವರು ಮನೆ ಹೇಗಿರಬೇಕೆಂಬುದನ್ನು ತಾವೇ ಮೊದಲು ಬರೆದಿಟ್ಟುಕೊಂಡಿರುತ್ತಾರೆ. ಕಣ್ಣಾರೆ ಕಂಡದ್ದನ್ನು ಬಿಡಿಸಿದ ಮಗುವಿಗೆ ಸೊನ್ನೆ; ಪಕ್ಕದ ಮನೆಯದನ್ನೋ ಕ್ಯಾಲೆಂಡರಿನದನ್ನೋ ನೋಡಿ ಇಳಿಸಿದ ಮಗುವಿಗೆ ಸ್ಟಾರ್. ಆ ದಿನ ನೀಲಾ ಕಲಿಯಬೇಕಾದದ್ದನ್ನು ಕಲಿತಿದ್ದಳು. ಕೆಂಪು ಗೀಟು ಅವಳಿಗೆ ಕಲಿಸಿದ್ದು ಅದನ್ನು ಮರೆಯುವ ಪಾಠವನ್ನು. ಆ ಪಾಠವನ್ನು ಮಾತ್ರ ಅವಳು ಎಷ್ಟು ಬೇಗ ಕಲಿತಳೋ!

ಮರುದಿನ ಅವಳು ಏಳಲಿಲ್ಲ. ಅವ್ವ ಎಬ್ಬಿಸಲು ಹೋದರೆ, “ತುಝಂ ರಾಂಗ್ ಆಹೇ ಅಜ್ಜಿ”, ನಿನ್ನದು ರಾಂಗ್, ಎಂದು ಹೊದಿಕೆ ಎಳೆದುಕೊಂಡಳು. ರಾಂಗ್ ಎಂದರೇನೆಂದು ಅವ್ವ ನನ್ನನ್ನು ಕೇಳಿದಳು. ವ್ಯಾನು ಬರುವ ಹೊತ್ತಾಯಿತು ಎಂದು ನಾನು ನೀಲಾಳ ಚೀಲ ತುಂಬತೊಡಗಿದೆ. ಹೇಳದಿದ್ದರೂ ಅವಳಿಗೆ ತಿಳಿಯಿತು.

ಸಂಜೆ ಅವ್ವ ನನ್ನ ಹತ್ತಿರ ಬಂದು ಕೂತಳು. “ಪಂಚವಟಿ ಬಜಾರದಾಗ ಕಟ್ಟಿಗಿ ಮಂದಿರ ಸಿಗತಾವಂತಲ್ಲಪ, ಒಂದು ತಗೊಂಡು ಬಾ.”

“ನಮಗ್ಯಾಕವ್ವಾ ಮಂದಿರ?”

“ಕೂಸಿಗಿ ಚಿತ್ರ ತಗೀಲಾಕ ಬೇಕಾಗ್ತದ. ನನ್ನ ಕೈಯಿಂದ ಅದರ ಮಾರ್ಕ್ಸ್ ಯಾಕ ಹೋಗಬೇಕು?”

ತಂದೆ. ಗಂಟೆಯಿರುವ, ಶಿಖರವಿರುವ ಮಂದಿರವನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದ್ದಾಯಿತು. ಮುಂದಿನ ಪರೀಕ್ಷೆಯಲ್ಲಿ ನೀಲಾ ಅದನ್ನು ಬಿಡಿಸಿ ಸ್ಟಾರ್ ತಂದಳು, ಅಜ್ಜಿಗೆ ತೋರಿಸಿದಳು, ಅಜ್ಜಿ ಸಕ್ಕರೆ ತಿನ್ನಿಸಿದಳು. ಅಂದಿನಿಂದ ಅವ್ವ ಪಡಸಾಲೆಯಲ್ಲಿ ಕೂಡುವುದನ್ನು ಬಿಟ್ಟು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಪೂಜೆ ಮಾಡತೊಡಗಿದಳು.

ಒಂದು ಭಾನುವಾರ ನೀಲಾ ಹೇಗೋ ಬೇಗ ಎದ್ದು ಆ ಬಾಗಿಲು ಬಡಿದಳು. “ಅಜ್ಜಿ, ಕಾಯ್ ಕರತೇಸ್?” ಏನು ಮಾಡುತ್ತಿದ್ದೀ ಎಂದು ಕೇಳಿದಳು. ಪೂಜೆಗೆ ಕೂತಾಗ ಆಕಾಶ ಕಳಚಿ ಬಿದ್ದರೂ ಮಾತಾಡದ ನನ್ನ ತಾಯಿ ಒಳಗಿನಿಂದ ಉತ್ತರ ಕೊಟ್ಟಳು: “ಏನಿಲ್ಲವ್ವ, ಸೀರಿ ಉಡ್ಲಿಕತ್ತೀನಿ.” ಕೈಯಲ್ಲಿ ಲಿಂಗವಿದ್ದಾಗ ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.